ಬಾಣಂತಿಗೆ ನೀರು ಕೊಟ್ಟ ಬೇಸಿಗೆ

ಹೋದ ಬೇಸಿಗೆಯಲ್ಲಿ ಮೊಮ್ಮಗಳ ಹೆರಿಗೆಯಾಯಿತೆಂದು ಬಸವಕಲ್ಯಾಣದ ಒಂದು ಆಸ್ಪತ್ರೆಗೆ ಹೋಗಿದ್ದೆ. ತಲೆಯ ಮೇಲೆ ಪಂಖ, ಮಂಚದ ಪಕ್ಕದಲ್ಲಿ ತೂಗುಬಿಟ್ಟ ಸಲೈನ್ ಬಾಟಲಿ, ಗೋಡೆಯ ಮೇಲೆ ನಗುವ ಕೂಸಿನ ಚಿತ್ರ. ಎಲ್ಲವೂ ಹೊಸದೇ. ಆದರೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಹಳೆಯ ವಾಸನೆ, ಕೆಂಡದ ಮೇಲೆ ಉದುರಿಸಿದ ಅಜಿವಾನದ ಹೊಗೆ. ನರ್ಸಿನ ಕಣ್ಣು ತಪ್ಪಿಸಿ ಹುಡುಗಿಯ ಅತ್ತೆ ಆ ಕೆಂಡ ಎಲ್ಲಿಂದ ತಂದಿದ್ದರೋ, ಅವರ ಧೈರ್ಯ ಮೆಚ್ಚಬೇಕು. ಅವರು ಹೊರಗೆ ಹೋದದ್ದೇ ತಡ, ಮೊಮ್ಮಗಳು ನನ್ನ ಸೆರಗು ಹಿಡಿದು ಜಗ್ಗಿದಳು.

"ಆಯಿ, ಜರಾ ನೀರ್ ಕೊಡು. ಅತ್ತೀಗಿ ಹೇಳಬ್ಯಾಡ."

ಇದೇ ಊರಿನಲ್ಲಿ, ಇಂಥದೇ ಬಿಸಿಲಿನಲ್ಲಿ ಇದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ.

ಆಗ ಅದು ಬಸವಕಲ್ಯಾಣವಲ್ಲ, ಬರೀ ಕಲ್ಯಾಣಿ. ನಿಜಾಮರ ರಾಜ್ಯ. ಜರ್ಮನಿಯ ಎರಡನೆಯ ಲಡಾಯಿ ನಡೆದಿತ್ತು. ಬಜಾರಿನಲ್ಲಿ ಅಪ್ಪನ ಬಟ್ಟೆ ಅಂಗಡಿ. ನನ್ನನ್ನು ಹುಮನಾಬಾದಿಗೆ ಕೊಟ್ಟಿದ್ದರು, ತಂಗಿ ಮಹಾದೇವಿಯನ್ನು ಮನ್ನಾಏಖೇಳ್ಳಿಗೆ. ಆಕೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವ್ವನಿಗೆ ಕೈನೆರವಾಗಲೆಂದು ನಾನೂ ಬಂದಿದ್ದೆ.

ನಮ್ಮಿಬ್ಬರಿಗಿಂತ ಹಿರಿಯಳು ಗುರಮ್ಮಕ್ಕ. ಅವಳು ಅದೇ ಮನೆಯ ಅದೇ ಕೋಣೆಯಲ್ಲಿ, ಚೊಚ್ಚಲ ಬಾಣಂತನದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ನಾನಾಗ ಸಣ್ಣವಳು. "ಯಾರೋ ಕದ್ದು ನೀರ್ ಕೊಟ್ಟಾರ, ಅದಕ್ಕ ಹೋದಳು" ಎಂದು ಹೆಂಗಸರು ಗುಸುಗುಸು ಮಾಡಿದ್ದಷ್ಟೇ ನೆನಪು. ಯಾರು ಕೊಟ್ಟರೆಂದು ಕೊನೆಗೂ ತಿಳಿಯಲಿಲ್ಲ. ಕೋಣೆಗೆ ಸುಣ್ಣ ಬಳಿಸಿ ಬಾಗಿಲು ಮುಚ್ಚಿದ್ದರು. ಬೇರೆ ಬೆಚ್ಚನೆಯ ಕೋಣೆ ಇರಲಿಲ್ಲವೆಂದು ಮಹಾದೇವಿಗಾಗಿ ಅದನ್ನೇ ಮತ್ತೆ ತೆರೆದರು. ಬೀಗ ತೆಗೆಯುವ ಕೆಲಸವನ್ನು ಅವ್ವ ನನಗೆ ಬಿಟ್ಟು ಹಿತ್ತಲಿಗೆ ಹೋದಳು.

ಬಾಣಂತಿಗೆ ನೀರು ಕೊಡಬಾರದು ಎಂಬುದು ನಮ್ಮ ಮನೆಯೊಂದರದೇ ಕಟ್ಟಳೆಯಲ್ಲ. ಲಿಂಗಾಯತರ ಓಣಿಯಲ್ಲೂ ಅದೇ, ಮುಸಲ್ಮಾನರ ಮೊಹಲ್ಲಾದಲ್ಲೂ ಅದೇ. ಹೆತ್ತ ಹೊಟ್ಟೆ ಹಸಿಗಾಯ, ನೀರು ಬಿದ್ದರೆ ನಂಜಾಗುತ್ತದೆ ಎಂಬ ನಂಬಿಕೆ. ದಿನಕ್ಕೊಂದು ಬಟ್ಟಲು, ಅದೂ ಅಜಿವಾನ ಹಾಕಿ ಕುದಿಸಿ ಅರ್ಧಕ್ಕಿಳಿಸಿದ ನೀರು. ಉಳಿದಂತೆ ತುಪ್ಪ, ಬೆಳ್ಳುಳ್ಳಿ, ಬಿಸಿ ರೊಟ್ಟಿ. ಹೊರಸು ಮಂಚದ ಕೆಳಗೆ ಕೆಂಡ, ಕಿವಿಗೆ ಬಿಗಿದ ಬಟ್ಟೆ, ಕಿಟಕಿಗೆ ಕಂಬಳಿ. ಹೊರಗೆ ವೈಶಾಖದ ಬಿಸಿಲಿಗೆ ಕಾಗೆಗಳು ಬಾಯಿ ತೆರೆದು ಕೂತಿರುತ್ತಿದ್ದವು. ಒಳಗೆ ಮಹಾದೇವಿ ಬೇಯುತ್ತಿದ್ದಳು. ನನ್ನ ಎರಡು ಬಾಣಂತನಗಳೂ ಚಳಿಗಾಲದಲ್ಲಿ ಆದವು, ಅದು ನನ್ನ ಪುಣ್ಯ.

ಗಂಡು ಕೂಸು ಹುಟ್ಟಿ ಮನೆಯೆಲ್ಲ ಸಕ್ಕರೆ ಹಂಚಿದ ಸಂಭ್ರಮ ಮುಗಿಯುವಷ್ಟರಲ್ಲಿ ಆಕೆಗೆ ಚಳಿ ಹತ್ತಿತು. ಹಲ್ಲು ಕಟಕಟ ಕಡಿದಳು. ಆಮೇಲೆ ಮೈ ಕೆಂಡವಾಯಿತು. ಕಿಬ್ಬೊಟ್ಟೆ ಮುಟ್ಟಿದರೆ ಚೀರುತ್ತಿದ್ದಳು. ಸೂಲಗಿತ್ತಿ ಹುಸೇನ್ ಬೀ ಬಂದು ನೋಡಿ, ಬಾಗಿಲ ಹೊರಗೆ ನನ್ನನ್ನು ಕರೆದು ಮೆಲ್ಲಗೆ ಅಂದಳು, "ನೀಲಮ್ಮ, ಗುರಮ್ಮಗ ಬಂದಿದ್ದವಲ್ಲ, ಅವೇ ಜ್ವರ ಇವು. ನನ್ನ ಕೈಯಾಗಿನ ಮಾತಲ್ಲ."

ಹುಮನಾಬಾದಿನಲ್ಲಿ ನಮ್ಮ ಮನೆಯ ಎದುರಿಗೆ ಒಬ್ಬ ಡಾಕ್ಟರು ಹೊಸದಾಗಿ ದವಾಖಾನೆ ತೆರೆದಿದ್ದರು. ಚಿಟಗುಪ್ಪದವರು, ಹೈದರಾಬಾದಿನಲ್ಲಿ ಕಲಿತು ಬಂದವರು. ಹಿಂದಿನ ಚಳಿಗಾಲದಲ್ಲಿ ನನ್ನ ಮೈದುನನಿಗೆ ಎದೆಯ ಜ್ವರ ಬಂದು ಎಲ್ಲರೂ ಕೈಬಿಟ್ಟಾಗ, ಅವರು ಕೊಟ್ಟ ಬಿಳಿ ಗುಳಿಗೆಯಿಂದ ಅವನು ಎದ್ದು ಕೂತಿದ್ದ. ಜನ ಅದಕ್ಕೆ ಲಡಾಯಿ ಗುಳಿಗೆ ಎನ್ನುತ್ತಿದ್ದರು, ಸಿಪಾಯಿಗಳ ಗಾಯ ಮಾಯಿಸುತ್ತದೆ ಎಂದು. ನಾನು ಅಪ್ಪನ ಹಿಂದೆ ಬಿದ್ದೆ. ಅವ್ವ ಒಪ್ಪಲಿಲ್ಲ. ಗಂಡಸು ಬಾಣಂತಿ ಕೋಣೆಗೆ ಬರುವುದೆಂದರೇನು? ಆದರೆ ಮಹಾದೇವಿ ತನ್ನ ಕೂಸನ್ನೇ ಗುರುತಿಸದೆ "ಇದು ಯಾರದು?" ಎಂದು ಕೇಳಿದಾಗ ಅವ್ವ ತಾನೇ ಅಡ್ಡ ಕಟ್ಟಲು ಸೀರೆ ತೆಗೆದುಕೊಟ್ಟಳು.

ಡಾಕ್ಟರು ಬಂದರು. ಹೊಸ್ತಿಲಿಗೆ ಅಡ್ಡ ಸೀರೆ ಕಟ್ಟಿದ್ದೆವು. ಸೀರೆಯ ಸಂದಿಯಿಂದ ಆಕೆಯ ಕೈ ಹೊರಗೆ ಚಾಚಿಸಿ ನಾಡಿ ತೋರಿಸಿದೆವು. ಜ್ವರ ನೋಡುವ ಗಾಜಿನ ಕಡ್ಡಿಯನ್ನು ನಾನೇ ಆಕೆಯ ಬಾಯಲ್ಲಿಟ್ಟು ತಂದುಕೊಟ್ಟೆ. ಅವರು ಕಡ್ಡಿ ನೋಡಿದರು, ನನ್ನ ಮುಖ ನೋಡಿದರು, ಗುಳಿಗೆಯ ಪೊಟ್ಟಣ ಅಪ್ಪನ ಕೈಗಿಟ್ಟರು.

"ಸಾವಕಾರ್ರ, ಹೊತ್ತು ತಪ್ಪಸಬ್ಯಾಡ್ರಿ. ನೀರಿನ್ಯಾಗ ನುಂಗಸ್ರಿ. ಜ್ವರ ಬಿಟ್ರೂ ಎಲ್ಲಾ ಮುಗಿಯೋ ತನಕ ಕೊಡ್ರಿ."

ನೀರಿನಲ್ಲಿ ನುಂಗಿಸಿ ಎಂದರು. ಎಷ್ಟು ನೀರು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆ ಬಿಸಿಲಿನಲ್ಲಿ ಮನುಷ್ಯರಿಗೆ ನೀರು ಕುಡಿಯಿರಿ ಎಂದು ಬಿಡಿಸಿ ಹೇಳಬೇಕಾಗುತ್ತದೆ ಎಂದು ಅವರಿಗಾದರೂ ಹೇಗೆ ಹೊಳೆಯಬೇಕು? ಅವ್ವ ತನಗೆ ತಿಳಿದ ಹಾಗೆ ಮಾಡಿದಳು. ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು, ಅಜಿವಾನದ ನೀರನ್ನು ಗುಟುಕಿನಷ್ಟು ಕುಡಿಸಿ, ಬಟ್ಟಲು ಕಿತ್ತುಕೊಂಡಳು.

ಗುಳಿಗೆ ತನ್ನ ಕೆಲಸ ಮಾಡಿತು. ಜ್ವರ ಇಳಿಯಿತು ನೋಡಿ! ಎರಡನೆಯ ದಿನ ಸಂಜೆ ಮಹಾದೇವಿ ಕಣ್ಣು ತೆರೆದು ಕೂಸನ್ನು ಎದೆಗೆ ಹಾಕಿಕೊಂಡಳು. ಅಪ್ಪ ಪಡಸಾಲೆಯಲ್ಲಿ ಕೂತು ಬಂದವರಿಗೆಲ್ಲ ಆ ಗುಳಿಗೆಯ ಮಹಿಮೆ ವರ್ಣಿಸತೊಡಗಿದರು. ಗುಳಿಗೆ ಅವರೇ ಮಾಡಿದ್ದರೇನೋ ಅನ್ನಬೇಕು, ಆ ಠೀವಿ. ನಾನು ಒಳಗೆ ಹೋದಾಗ ಮಹಾದೇವಿ ನನ್ನ ಸೆರಗು ಹಿಡಿದಳು. ತುಟಿ ಒಡೆದಿದ್ದವು, ನಾಲಿಗೆ ಒಣಗಿ ಮಾತು ಅಂಟುತ್ತಿತ್ತು.

"ಅಕ್ಕಾ, ಜರಾ ನೀರ್ ಕೊಡು. ಅವ್ವಗ ಹೇಳಬ್ಯಾಡ."

ನಾನು ಬಾಗಿಲಿನ ಕಡೆ ನೋಡಿದೆ. ಅವ್ವ ಅಲ್ಲೇ ನಿಂತಿದ್ದಳು. ನಾನು ಬಾಣಂತಿಯ ಹತ್ತಿರ ಹೋದಾಗಲೆಲ್ಲ ಅವ್ವ ಅಲ್ಲೇ ನಿಂತಿರುತ್ತಿದ್ದಳು. ನೀರಿನ ಕೊಡಗಳನ್ನು ಹಿತ್ತಲಿಗೆ ಸಾಗಿಸಿದ್ದಳು. ನಮ್ಮನ್ನು ಎಂದೂ ಗದರದ ಹೆಂಗಸು ಆ ಬೇಸಿಗೆಯಲ್ಲಿ ಕಾವಲುಗಾರಳಾಗಿಬಿಟ್ಟಿದ್ದಳು.

ಮರುದಿನ ಮಹಾದೇವಿ ಸೊಂಟ ಹಿಡಿದುಕೊಂಡು ಒದ್ದಾಡಿದಳು. ಉಂಡದ್ದನ್ನೆಲ್ಲ ಕಾರಿದಳು. ನಾನು ಹಿಡಿದ ತಾಟಿನಲ್ಲಿ ಬಿದ್ದ ಉಚ್ಚೆ ನಾಲ್ಕೇ ಹನಿ, ಅದೂ ಕೆಂಪಗೆ. ಆಮೇಲೆ ಅದೂ ನಿಂತಿತು. ಸಂಜೆಯಾದರೂ ಇಲ್ಲ, ಬೆಳಗಾದರೂ ಇಲ್ಲ. ಕಣ್ಣ ರೆಪ್ಪೆಗಳು ಊದಿಕೊಂಡವು. ಅವ್ವ ಗುಳಿಗೆಯ ಕಾವು ಎಂದಳು, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದಳು. ಡಾಕ್ಟರಿಗೆ ಸುದ್ದಿ ಹೇಳಲು ಹುಮನಾಬಾದಿಗೆ ಹೊರಟ ಅಪ್ಪನ ಜೊತೆ ನಾನೂ ಬಸ್ಸು ಹತ್ತಿದೆ. ಬಾಣಂತಿಯನ್ನು ಬಿಟ್ಟು ಎಲ್ಲಿಗೆ ಎಂದು ಅವ್ವ ಕೂಗಿದಳು, ನಾನು ತಿರುಗಿ ನೋಡಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ನಗುತ್ತಲೇ ಎದುರುಗೊಂಡರು. ಅಪ್ಪ ಕೈ ಮುಗಿದು ಹೇಳಿದರು, "ನಿಮ್ಮ ಗುಳಿಗಿ ಭಾಳ ಛಲೋ ಆತ್ರಿ. ಜ್ವರ ಪೂರಾ ಇಳದಾವ. ಜರಾ ಸೊಂಟ ನೋವ್ ಅದ. ಥೋಡೆ ವಾಂತಿ."

"ಮಕ್ಕೊಂಡು ಮಕ್ಕೊಂಡು ಸೊಂಟ ಹಿಡದಿರಬೇಕು" ಎಂದು ಡಾಕ್ಟರು ಒಂದು ಎಣ್ಣೆಯ ಸೀಸೆ ತೆಗೆದರು. "ಗುಳಿಗಿ ನಿಲ್ಲಸಬ್ಯಾಡ್ರಿ ಮತ್ತ."

ಅಪ್ಪ ಸೀಸೆ ತೆಗೆದುಕೊಂಡು ಎದ್ದರು. ಅಷ್ಟೇ, ಮುಗಿಯಿತು! ಅಂಗಡಿಯಲ್ಲಿ ಗಂಟೆಗಟ್ಟಲೆ ಮಾತಾಡುವ ಮನುಷ್ಯನಿಗೆ ಮಗಳ ಉಚ್ಚೆಯ ಸುದ್ದಿ ಬಾಯಿಗೆ ಬರಲಿಲ್ಲ. ಬೆಂಚಿನ ಮೇಲೆ ಐದಾರು ಗಂಡಸರು ಕೂತಿದ್ದರು. ಅವರೆಲ್ಲ ನನ್ನ ಗಂಡನ ಮನೆಯನ್ನು ಬಲ್ಲವರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡೆ. ಈಗ ಹೇಳದಿದ್ದರೆ ಈ ಎಣ್ಣೆ ಹಿಡಿದುಕೊಂಡು ಹೋಗಿ ತಂಗಿಯನ್ನು ಮಣ್ಣು ಮಾಡಬೇಕು ಅನ್ನಿಸಿತು.

"ಆಕಿಗಿ ಉಚ್ಚಿ ನಿಂತದರಿ" ಎಂದೆ. ಎಷ್ಟು ಜೋರಾಗಿ ಹೇಳಿದೆನೆಂದರೆ ಹೊರಗೆ ಟಾಂಗಾದವನೂ ತಿರುಗಿ ನೋಡಿದ. "ನಿನ್ನಿ ಕೆಂಪಗ ನಾಕ ಹನಿ ಬಂತು. ಆಮ್ಯಾಲೆ ಒಂದ್ ಹನಿ ಇಲ್ರಿ. ಕಣ್ಣ ಬಾತಾವ."

ಅಪ್ಪ ನೆಲ ನೋಡಿದರು. ಡಾಕ್ಟರ ಮುಖದಲ್ಲಿನ ನಗು ಹೋಯಿತು.

"ನೀರ್ ಎಷ್ಟು ಕುಡೀತಾಳ ತಂಗಿ?"

"ಒಂದ್ ಬಟ್ಟಲ್ರಿ."

"ಗುಳಿಗಿಗಿ ಒಂದ್ ಬಟ್ಟಲಾ?"

"ಇಲ್ರಿ, ದಿನಕ್ಕ. ಬಾಣಂತಿಗಿ ನೀರ್ ಕೊಡಂಗಿಲ್ಲಲ್ರಿ."

ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಯಾ ಅಲ್ಲಾ" ಎಂದರು. ಮತ್ತೆ ಥಟ್ಟನೆ ಎದ್ದು ಚೀಲಕ್ಕೆ ಸಾಮಾನು ತುಂಬತೊಡಗಿದರು. "ಆ ಔಷಧ ನೀರಿನ್ಯಾಗ ಕರಗಿ ಮೈಯಿಂದ ಹೊರಗ ಹೋಗಬೇಕು. ನೀರಿಲ್ಲಂದ್ರ ಒಳಗೇ ಹರಳಿನಂಗ ಗಟ್ಟಿ ಆಗಿ ಉಚ್ಚಿ ದಾರಿ ಮುಚ್ಚತದ. ನಾ ಕೇಳಬೇಕಿತ್ತು. ಇದೇ ಸೀಮ್ಯಾಗ ಹುಟ್ಟೀನಿ, ನಮ್ಮ ಅಮ್ಮೀಗ ಬಾಣಂತನದಾಗ ನೀರ್ ಕೊಟ್ರೋ ಇಲ್ಲೋ, ಒಂದಿನಾ ಕೇಳಿಲ್ಲ ನಾ."

ಮಧ್ಯಾಹ್ನದ ಬಸ್ಸು ಇದ್ದಿಲಿನ ಗ್ಯಾಸಿನದು. ಲಡಾಯಿಯ ಕಾಲದಲ್ಲಿ ಪೆಟ್ರೋಲ್ ಎಲ್ಲಿಯದು? ಹಿಂದೆ ಕಟ್ಟಿದ ಡ್ರಮ್ಮಿನಲ್ಲಿ ಇದ್ದಿಲು ಉರಿಯಬೇಕು, ಅದರ ಹೊಗೆ ಎಂಜಿನ್ನಿಗೆ ಹೋಗಬೇಕು, ಆಗ ಬಸ್ಸು ಮನಸ್ಸಾದರೆ ಓಡುತ್ತದೆ. ಕಲ್ಯಾಣಿಯ ದಾರಿ ಒಡೆಯುವ ಸಸ್ತಾಪುರ ಬಂಗ್ಲಾಕ್ಕೆ ಮೊದಲಿನ ಏರಿನಲ್ಲಿ ನಿಂತುಬಿಟ್ಟಿತು. ಎಲ್ಲರೂ ಇಳಿದು ನೂಕಿದೆವು. ಡಾಕ್ಟರು ಕೋಟು ತೆಗೆದು ನನ್ನ ಕೈಗೆ ಕೊಟ್ಟು ನೂಕಿದರು. ಅಪ್ಪ, ಜೀವಮಾನದಲ್ಲಿ ಬಟ್ಟೆಯ ಥಾನಿಗಿಂತ ಭಾರದ್ದನ್ನು ಮುಟ್ಟದ ಅಪ್ಪ, ಪೇಟ ಕಳಚಿ ಬಿದ್ದರೂ ಎತ್ತಿಕೊಳ್ಳದೆ ನೂಕಿದರು. ಬಿಸಿಲಿಗೆ ಕರಿ ಮಣ್ಣು ಬಿರಿದಿತ್ತು. ಒಬ್ಬ ಗಂಡಾಳು ತನ್ನ ಮಣ್ಣಿನ ತತ್ರಾಣಿಯಿಂದ ನನಗೆ ನೀರು ಹನಿಸಿದ. ಬೊಗಸೆಯೊಡ್ಡಿ ಕುಡಿದೆ. ಗಂಟಲಿಗೆ ಇಳಿಯುತ್ತಿದ್ದ ಹಾಗೆ ಮಹಾದೇವಿಯ ಒಡೆದ ತುಟಿ ಕಣ್ಣಿಗೆ ಬಂತು, ಉಳಿದದ್ದನ್ನು ಕುಡಿಯಲಾಗಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಮಹಾದೇವಿಯ ಮುಖ ಊದಿ ಗುರುತು ಸಿಗುತ್ತಿರಲಿಲ್ಲ. ಡಾಕ್ಟರು ಚೀಲದಿಂದ ಸೋಡಾದ ಪುಡಿ ತೆಗೆದು, "ಗುಳಿಗಿ ಬಂದ್ ಮಾಡ್ರಿ. ಕಾಸಿ ಆರಿಸಿದ ನೀರು ತರ್ರಿ, ಕೊಡಗಟ್ಟಲೆ ತರ್ರಿ" ಎಂದರು. ನಾನು ಹಿತ್ತಲಿಗೆ ಓಡಿ ಹಂಡೆಯಲ್ಲಿ ಕಾಸಿಟ್ಟಿದ್ದ ನೀರನ್ನು ತಂಬಿಗೆಯಲ್ಲಿ ಮೊಗೆದು ತಂದೆ. ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ಎರಡು ಕೈಯನ್ನೂ ಚೌಕಟ್ಟಿಗೆ ಊರಿ ದಾರಿ ಕಟ್ಟಿದ್ದಳು.

"ಅವ್ವಾ, ಅತ್ತ ಸರಿ."

"ಸರಿಯಂಗಿಲ್ಲ."

"ಏ, ಸಾಬ್ರು ಹೇಳಾಕತ್ತಾರ, ಸರಿ ಅಂದ್ರ" ಎಂದು ಅಪ್ಪ ಗದರಿದರು. ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಎಂದೂ ಕೇಳದ ಅವ್ವ ಅವರತ್ತ ನೋಡಲೇ ಇಲ್ಲ. ಪರಪುರುಷನ ಎದುರಿಗೆ ತಲೆಯ ಮೇಲಿನ ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ನೇರವಾಗಿ ಡಾಕ್ಟರನ್ನೇ ನೋಡಿ ಮಾತಾಡಿದಳು.

"ನೀರ್ ಕೊಟ್ರ ಏನಾಗತದ ನನಗ ಗೊತ್ತದರಿ. ಗುರೀಗಿ ಕೊಟ್ಟಾಕಿ ನಾನೇ. ಮಟಮಟ ಮಧ್ಯಾಹ್ನ, ಎಲ್ಲಾರೂ ಅಡ್ಡಾಗಿದ್ರು. ಅವ್ವಾ ಅವ್ವಾ ಅಂತ ಬೇಡಕೊಂಡಳು, ನನ್ನ ಕರಳು ತಡೀಲಿಲ್ಲ. ಒಂದ್ ತಂಬಿಗಿ ಕೊಟ್ಟೆ. ಮರದಿನಾ ಹೋದಳು. ಒಬ್ಬ ಮಗಳಿಗಿ ನನ್ನ ಕೈಯಾರೆ ಕೊಂದೀನಿ. ಇನ್ನೊಬ್ಬಾಕಿಗಿ ಕೊಲ್ಲಂಗಿಲ್ಲ."

ಅಪ್ಪ ಗೋಡೆಗೆ ಆತುಕೊಂಡರು. ಇಷ್ಟು ವರ್ಷ, ಹಬ್ಬದಲ್ಲಿ ಹೋಳಿಗೆ ಬಡಿಸುತ್ತ, ನಮ್ಮ ಮದುವೆಗಳಲ್ಲಿ ಅಕ್ಕಿಕಾಳು ಹಾಕುತ್ತ, ಇವಳು ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳು.

ಡಾಕ್ಟರು ಅವಳೆದುರಿಗೆ ನೆಲದ ಮೇಲೆಯೇ ಕೂತರು.

"ಅವ್ವಾ, ನಿಮ್ಮ ಮಗಳಿಗಿ ತಗೊಂಡು ಹೋದದ್ದು ಜ್ವರ. ಆವಾಗ ಈ ಗುಳಿಗಿ ಎಲ್ಲೂ ಇರಲಿಲ್ಲ, ಲಂಡನ್ನಿನಾಗೂ ಇರಲಿಲ್ಲ. ನಾ ಇದ್ದಿದ್ರೂ ನನ್ನ ಕೈಯಿಂದ ಏನೂ ಆಗ್ತಿರಲಿಲ್ಲ. ನೀವು ಕೊಟ್ಟ ಆ ಒಂದ್ ತಂಬಿಗಿ ನೀರೇ ಆಕಿಗಿ ಸಿಕ್ಕ ಔಷಧ."

ಅವ್ವ ನಂಬಲಿಲ್ಲ. ಅವಳ ಕಣ್ಣು ನೋಡಿದರೆ ತಿಳಿಯುತ್ತಿತ್ತು. ವರ್ಷಗಟ್ಟಲೆ ನಂಬಿದ್ದನ್ನು ಒಬ್ಬ ಹುಡುಗ ಡಾಕ್ಟರನ ಮಾತಿಗೆ ಯಾರು ಬಿಡುತ್ತಾರೆ? ಅಷ್ಟರಲ್ಲಿ ಒಳಗಿನಿಂದ ಮಹಾದೇವಿ "ಅವ್ವಾ, ನೀರು" ಎಂದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮೊದಲು ಕೂಸೇ ಕುಸುಗುಟ್ಟಿತೆಂದುಕೊಂಡೆ. ಅವ್ವನ ಕೈ ಚೌಕಟ್ಟಿನಿಂದ ತಾನಾಗಿ ಜಾರಿತು. ನನ್ನ ಕೈಯಿಂದ ತಂಬಿಗೆ ಕಸಿದುಕೊಂಡಳು.

"ಕೊಡೋದಾದ್ರ ನಾನೇ ಕೊಡತೀನಿ" ಎಂದಳು. "ಹೋದ್ರ ನನ್ನ ಕೈಯಾಗೇ ಹೋಗಲಿ."

ಸೋಡಾದ ಪುಡಿ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಮಹಾದೇವಿ ಕಾರಿದಳು, ಮತ್ತೆ ಕುಡಿಸಿದಳು. ನಾನು ಕೆಂಡದ ಅಗ್ಗಿಷ್ಟಿಕೆ ಹೊರಗಿಟ್ಟೆ, ಕಿಟಕಿಯ ಕಂಬಳಿ ಕಿತ್ತೆ. ಸೊಂಟಕ್ಕೆ ಬಿಸಿ ನೀರಿನ ಬಟ್ಟೆ ಹಾಕಿದೆವು. ಡಾಕ್ಟರು ಊರಿಗೆ ಮರಳದೆ ಪಡಸಾಲೆಯಲ್ಲೇ ಉಳಿದರು. ದಾರಿ ಪೂರಾ ಮುಚ್ಚಿಹೋಗಿದ್ದರೆ ಕುಡಿಸಿದ ನೀರೇ ಎದೆಗೇರಬಹುದು, ಇನ್ನೂ ಸಂದಿ ಉಳಿದಿದ್ದರೆ ಬದುಕುತ್ತಾಳೆ ಎಂದು ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವ್ವನಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಆ ತಂಬಿಗೆ ಬಾವಿಗೆ ಬೀಳುತ್ತಿತ್ತು.

ಇಡೀ ಮನೆ ಒಂದೇ ಸಪ್ಪಳಕ್ಕಾಗಿ ಕಾಯುತ್ತಿತ್ತು. ನಗಬೇಡಿ. ಹುಸೇನ್ ಬೀ ಅಂಗಳದಲ್ಲಿ ನಮಾಜಿಗೆ ಕೂತು ದುವಾ ಮಾಡಿದ್ದೂ ಅದಕ್ಕೇ, ಅಪ್ಪ ಇಷ್ಟಲಿಂಗ ಹಿಡಿದು ಕೂತದ್ದೂ ಅದಕ್ಕೇ. ಕೋಳಿ ಕೂಗುವ ಹೊತ್ತಿಗೆ ಮಹಾದೇವಿ ನನ್ನ ಕೈ ಹಿಚುಕಿದಳು. ಎತ್ತಿ ಕೂರಿಸಿದೆ. ಮೊದಲು ಹಿತ್ತಾಳೆ ತಾಟಿನಲ್ಲಿ ಮರಳು ಉದುರಿದಂತೆ ಒಂದು ಸಣ್ಣ ಸಪ್ಪಳ. ಆಕೆ ಹಲ್ಲು ಕಚ್ಚಿದಳು. ಆಮೇಲೆ ಬಂತು, ಧಾರೆಯಾಗಿ ಬಂತು.

ಹೊರಗಿನಿಂದ ಅಪ್ಪನ ಗಂಟಲು. "ಏನ್ ಆತು? ನೀಲಾ, ಉಚ್ಚಿ ಆತೇನು? ಖರೇನೇ ಉಚ್ಚಿ ಆತೇನು?" ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

"ಆತಪಾ, ತಾಟ್ ತುಂಬ ಆತು!" ಎಂದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ.

ಅವ್ವ ಮಾತ್ರ ಹಿಗ್ಗಲಿಲ್ಲ. ತಾಟು ನೋಡಿದಳು, ಬರಿದಾದ ತಂಬಿಗೆ ನೋಡಿದಳು, ಹೊರಸಿನ ಪಕ್ಕದಲ್ಲಿ ನೆಲಕ್ಕೆ ಕುಸಿದಳು. ಡಾಕ್ಟರ ಮಾತು ಅವಳೊಳಗೆ ಆಗ ಇಳಿಯಿತು. ಈ ಮಗಳು ನೀರು ಕುಡಿದು ಬದುಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಗಾದರೆ ಆ ಮಗಳು ನೀರು ಕುಡಿದದ್ದಕ್ಕೆ ಸತ್ತಿರಲಿಲ್ಲ. ನಾನು ಹತ್ತಿರ ಹೋಗಿ, "ಅವ್ವಾ, ನೋಡಿದ್ಯಲ್ಲ? ನೀ ಕೊಂದಿಲ್ಲ" ಎಂದೆ. ಸಮಾಧಾನವಾದೀತೆಂದು ತಿಳಿದಿದ್ದೆ. ಅವಳು ತಂಬಿಗೆಯನ್ನು ಮಡಿಲಲ್ಲಿ ಒತ್ತಿ ಹಿಡಿದು, ಬಾಗಿ, ಗೋಳೋ ಎಂದು ಅತ್ತಳು.

"ಇನ್ನೊಂದ್ ಕೇಳಿದ್ದಳು ನೀಲಾ. ಗುರಿ ಇನ್ನೊಂದ್ ತಂಬಿಗಿ ಕೊಡು ಅಂದಿದ್ದಳು. ನಾ ಕೊಡಲಿಲ್ಲ."

ಮಹಾದೇವಿ ಬದುಕಿದಳು. ಆಮೇಲೂ ಮೂರು ಹಡೆದಳು. ಹುಮನಾಬಾದಿನ ಡಾಕ್ಟರು ಮುಂದೆ ಯಾವ ಬಾಣಂತಿಯ ಮನೆಗೆ ಕರೆದರೂ ಚೀಲ ತೆರೆಯುವ ಮೊದಲು, ನೀರು ಎಷ್ಟು ಕೊಡುತ್ತೀರಿ ಎಂದು ಕೇಳುತ್ತಿದ್ದರು. ಗಂಡಸರನ್ನಲ್ಲ, ಪರದೆಯ ಹಿಂದಿನವರನ್ನು. ಎಲ್ಲರೂ ಬದುಕಿದರೆಂದು ಹೇಳಲಾರೆ. ಅದೇ ವರ್ಷ ಮಳೆಗಾಲದಲ್ಲಿ ಗುಳಿಗೆ ಸಿಗದಾಯಿತು, ನಮ್ಮ ಓಣಿಯಲ್ಲೇ ಒಬ್ಬಾಕೆ ಹೋದಳು. ಅವ್ವ ಆಕೆಯ ತಲೆದೆಸೆಯಲ್ಲಿ ಕೊನೆಯವರೆಗೂ ತಂಬಿಗೆ ಹಿಡಿದು ಕೂತಿದ್ದಳಂತೆ. ಆ ಮನೆಯವರು ಬೈದು ಎಬ್ಬಿಸಿದರೂ ಏಳಲಿಲ್ಲವಂತೆ.

ಮೊಮ್ಮಗಳ ಅತ್ತೆ ಮರಳಿ ಬರುವಷ್ಟರಲ್ಲಿ ನಾನು ಅಜಿವಾನದ ಕೆಂಡವನ್ನು ಮೋರಿಗೆ ಸುರಿದಿದ್ದೆ. ಹುಡುಗಿ ಗಟಗಟ ಕುಡಿಯುತ್ತಿದ್ದಳು. ಅತ್ತೆ ಬಾಗಿಲಲ್ಲೇ ನಿಂತು, "ಅಯ್ಯ, ಹಸಿ ಬಾಣಂತಿ, ನೀರ್ ಯಾಕ್ ಕೊಟ್ರಿ ಆಯಿ?" ಎಂದು ಕಣ್ಣು ಬಿಟ್ಟರು. ನಾನು ನೀರಿನ ಹೂಜಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಸಾಕು ಆಯಿ" ಎಂದು ಮೊಮ್ಮಗಳು ಬರಿ ಲೋಟ ಚಾಚಿದಳು.

ನಾನು ಅದನ್ನು ಇನ್ನೊಮ್ಮೆ ತುಂಬಿಸಿ ಅವಳ ಕೈಗೆ ಕೊಟ್ಟೆ.